ಎಲ್‌ವಿ ಡಿಸ್‌ಫಂಕ್ಷನ್‌ಗೆ ಕನ್ನಡದಲ್ಲಿ ಏನನ್ನೋಣ? "ವೈಫಲ್ಯ" ಬೇಡ ಅನ್ನಿಸುತ್ತಿದೆ

ಗೆಳೆಯರೇ,

ಒಂದು ಪದ ಬೇಕಾಗಿದೆ. ಬರೀ ಕುತೂಹಲಕ್ಕಲ್ಲ, ಕೆಲಸಕ್ಕೇ ಬೇಕು. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನ ಜೊತೆ ರೋಗಿಗಳ ಕೈಗೆ ಕೊಡಲು ಒಂದು ಪುಟದ ಕನ್ನಡ ಹಾಳೆ ಬರೆದುಕೊಡಿ ಅಂತ ಪರಿಚಯದ ವೈದ್ಯರೊಬ್ಬರು ಕೇಳಿದ್ದಾರೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. "ಎಲ್‌ವಿ ಡಿಸ್‌ಫಂಕ್ಷನ್" ಅನ್ನೋದನ್ನು ಹೇಗೆ ಬರೆಯುವುದು? ಎಲ್‌ವಿ ಅಂದರೆ ಲೆಫ್ಟ್ ವೆಂಟ್ರಿಕಲ್, ಹೃದಯದ ಎಡ ಕೆಳಗಿನ ಕೋಣೆ. ಅದು ಸರಿಯಾಗಿ ಕೆಲಸ ಮಾಡದಿರುವುದೇ ಡಿಸ್‌ಫಂಕ್ಷನ್.

ಮೊಬೈಲಿನ ಅನುವಾದ ಯಂತ್ರ "ಅಪಸಾಮಾನ್ಯ ಕ್ರಿಯೆ" ಅನ್ನುತ್ತದೆ. ಓದಿದವರಿಗೆ ಏನೂ ತಿಳಿಯುವುದಿಲ್ಲ. ಪೇಪರಿನವರು, ಆಸ್ಪತ್ರೆಯವರು ಸಲೀಸಾಗಿ ಬಳಸುವುದು "ಹೃದಯ ವೈಫಲ್ಯ". ಇದು ತಿಳಿಯುತ್ತದೆ, ಆದರೆ ತಪ್ಪಾಗಿ ತಿಳಿಯುತ್ತದೆ. ನನ್ನ ತಕರಾರು ಇರುವುದೇ ಇಲ್ಲಿ.

ಎರಡು ವರ್ಷದ ಹಿಂದೆ ನಮ್ಮ ಸೋದರಮಾವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಡಿಸ್ಚಾರ್ಜ್ ಕಾಗದದಲ್ಲಿ "ಮಾಡರೇಟ್ ಎಲ್‌ವಿ ಡಿಸ್‌ಫಂಕ್ಷನ್, ಇಎಫ್ 35 ಪರ್ಸೆಂಟ್" ಅಂತ ಇತ್ತು. ಹಾಗಂದ್ರೇನು ಅಂತ ಅತ್ತೆ ಕೇಳಿದರೆ, ಅಲ್ಲಿದ್ದವರು "ಹೃದಯ ವೈಫಲ್ಯ ಅಮ್ಮಾ" ಅಂದು ಮುಂದಿನ ಹಾಸಿಗೆಗೆ ಹೋದರು. ವಿಫಲ ಅಂದರೆ ಮುಗಿದುಹೋದದ್ದು ಅಲ್ವಾ? ನೂರರಲ್ಲಿ ಅರವತ್ತೈದು ಹೋಯಿತು, ಉಳಿದದ್ದು ಮೂವತ್ತೈದು, ಅದೂ ಹೋಗುತ್ತಿದೆ ಅಂತ ಅತ್ತೆ ಲೆಕ್ಕ ಹಾಕಿಕೊಂಡರು. ಎಷ್ಟೋ ದಿನ ರಾತ್ರಿ ಮಾವನ ಎದೆಯ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದರು. ಬಡಿತ ನಿಂತರೆ ಗೊತ್ತಾಗಲಿ ಅಂತ. ಮಾವನ ಲೆಕ್ಕ ಬೇರೆ. ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದಕ್ಕೆ ಪಾಸು, ಹಾಗಾಗಿ ತನ್ನದು ಪರವಾಗಿಲ್ಲ ಅಂತ ಮಾತ್ರೆ ಬಿಡೋಕೆ ಶುರು ಮಾಡಿದರು. ಒಂದೇ ಮನೆ, ಒಂದೇ ಕಾಗದ, ಎರಡೂ ಓದು ತಪ್ಪು.

ಈ ಇಎಫ್ ನೂರಕ್ಕೆ ಇಷ್ಟು ಅಂತ ಕೊಡುವ ಮಾರ್ಕ್ಸ್ ಅಲ್ಲ. ಪೂರ್ತಿ ಹೆಸರು ಎಜೆಕ್ಷನ್ ಫ್ರ್ಯಾಕ್ಷನ್. ಎಡ ಕೆಳಗಿನ ಕೋಣೆ ತುಂಬಿದಾಗ ಇದ್ದ ರಕ್ತದಲ್ಲಿ ಒಂದು ಹಿಂಡಿಗೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವುದು. 120 ಮಿಲಿಲೀಟರ್ ತುಂಬಿ, 70 ಹೊರಗೆ ಹೋದರೆ ಸುಮಾರು 58 ಪರ್ಸೆಂಟ್. ಅದು ಆರೋಗ್ಯವಂತರ ಹೃದಯ. ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಸುಮಾರು 55ರಿಂದ 70ರ ತನಕ ಸರಿಯಾದದ್ದೇ. ಇನ್ನೊಂದು ವಿಷಯ ನನಗೂ ಆಮೇಲೆ ಗೊತ್ತಾಯಿತು. ಸ್ನಾಯು ಬಲ ಕಳೆದುಕೊಂಡಾಗ ಕೋಣೆ ಹಿಗ್ಗುತ್ತದೆ. ಉದಾಹರಣೆಗೆ 180 ಮಿಲಿಲೀಟರ್ ಹಿಡಿಯುವಷ್ಟು ಹಿಗ್ಗಿ, 63 ಹೊರಗೆ ತಳ್ಳಿದರೆ ಇಎಫ್ 35. ಹೊರಗೆ ಹೋದ ರಕ್ತ ನೋಡಿ, 70ಕ್ಕೂ 63ಕ್ಕೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಹೃದಯ ಹೇಗೋ ಹೊಂದಿಸಿಕೊಂಡು ಹೋಗುತ್ತಿದೆ. ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. ಆ ಹಿಗ್ಗುವಿಕೆಯೇ ಮುಂದೆ ತೊಂದರೆ ತರುತ್ತದೆ, ಅದನ್ನು ತಡೆಯಲೆಂದೇ ಮಾತ್ರೆ. ಇದನ್ನು "ಹೊಮ್ಮುಪಾಲು" ಅನ್ನಬಹುದಾ? "ತಳ್ಳುಪಾಲು"? "ಪಾಲು" ಇರಲೇಬೇಕು ಅನ್ನುವುದು ನನ್ನ ಆಸೆ. ಪಾಲು ಅಂದಾಗ ಯಾವುದರಲ್ಲಿ ಪಾಲು ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ.

ಇನ್ನು ವೆಂಟ್ರಿಕಲ್. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಮೇಲಿನ ಕೋಣೆಗೆ ಹೃತ್ಕರ್ಣ, ಕೆಳಗಿನದಕ್ಕೆ ಹೃತ್ಕುಕ್ಷಿ ಅಂತ ಓದಿದ್ದೇವೆ. ಲ್ಯಾಟಿನ್ನಿನಲ್ಲಿ ವೆಂಟ್ರಿಕ್ಯುಲಸ್ ಅಂದರೆ ಪುಟ್ಟ ಹೊಟ್ಟೆ, ಆರಿಕಲ್ ಅಂದರೆ ಪುಟ್ಟ ಕಿವಿ. ನಮ್ಮವರು ಅದನ್ನೇ ಅಚ್ಚುಕಟ್ಟಾಗಿ ತಂದಿದ್ದಾರೆ. ಹಿಂದಿಯವರು ಬೇರೆ ದಾರಿ ಹಿಡಿದು ನಿಲಯ, ಅಲಿಂದ ಅಂದರು, ಮನೆ ಮತ್ತು ಜಗಲಿಯ ಹಾಗೆ. ಕುಕ್ಷಿ ಒಳ್ಳೆಯ ಪದವೇ. ಆದರೆ ದಿನದ ಮಾತಿನಲ್ಲಿ ಅದು ಉಳಿದಿರುವುದು "ನಿರಕ್ಷರಕುಕ್ಷಿ"ಯಲ್ಲಿ ಮಾತ್ರ. ಹಾಳೆಯಲ್ಲಿ ನಾನು "ಎಡ ಕೆಳಕೋಣೆ" ಅಂತಲೇ ಬರೆಯುತ್ತೇನೆ. ಇದರ ಬಗ್ಗೆ ನನಗೆ ಹೆಚ್ಚು ಅನುಮಾನ ಇಲ್ಲ.

ಕಷ್ಟ ಇರುವುದು "ಡಿಸ್‌ಫಂಕ್ಷನ್" ಹತ್ತಿರ. ಅದು ಒಂದು ತೊಂದರೆಯ ಹೆಸರಲ್ಲ, ಎರಡರದು. ಕುಲುಮೆಯ ತಿದಿ ನೆನಪಿದೆಯಾ? ನಮ್ಮೂರಿನಲ್ಲಿ ಚಿಕ್ಕಂದಿನಲ್ಲಿ ನೋಡಿದ್ದೇನೆ. ಮೇಲೆತ್ತಿದಾಗ ಚರ್ಮ ಬಿಚ್ಚಿಕೊಂಡು ಗಾಳಿ ತುಂಬಬೇಕು, ಒತ್ತಿದಾಗ ಗಾಳಿ ಮೂತಿಯಿಂದ ನುಗ್ಗಬೇಕು. ಗಾಳಿ ವಾಪಸ್ ಹೋಗದ ಹಾಗೆ ಒಳಗೊಂದು ಸಣ್ಣ ಕದ. ಒತ್ತುವ ಬಲ ಇಲ್ಲದಿದ್ದರೆ ಕೆಂಡ ಮಂಕಾಗುತ್ತದೆ. ಚರ್ಮ ಒಣಗಿ ಬಿರುಸಾದರೂ ಮಂಕಾಗುತ್ತದೆ, ಯಾಕೆಂದರೆ ತುಂಬುವುದೇ ಇಲ್ಲ. ಎಡ ಕೆಳಕೋಣೆಯೂ ಇಷ್ಟೇ. ಹಿಂಡಲಾರದ್ದು ಸಿಸ್ಟೋಲಿಕ್, ಸಡಿಲಲಾರದ್ದು ಡಯಾಸ್ಟೋಲಿಕ್. ಪುಸ್ತಕಗಳಲ್ಲಿ ಸಂಕೋಚನ, ವ್ಯಾಕೋಚನ ಇವೆ. ನನಗೆ "ಹಿಂಡು ಕೊರತೆ", "ಸಡಿಲು ಕೊರತೆ" ಹತ್ತಿರ ಅನ್ನಿಸುತ್ತಿವೆ. ಎರಡನೆಯದರಲ್ಲಿ ಇಎಫ್ 60 ಇದ್ದರೂ ಮೆಟ್ಟಿಲು ಹತ್ತಿದರೆ ಏದುಸಿರು ಬರಬಹುದು. "ವೈಫಲ್ಯ" ಅನ್ನುವ ಒಂದೇ ಪದ ಈ ಎರಡನ್ನೂ ನುಂಗಿಹಾಕುತ್ತದೆ.

ಕಾರಣಗಳೂ ಹೀಗೇ ಎರಡು ಕಡೆ ಹಂಚಿಹೋಗುತ್ತವೆ. ಹಿಂಡುವ ಬಲ ಕಳೆಯುವುದರಲ್ಲಿ ಮೊದಲ ಸ್ಥಾನ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದಕ್ಕೆ, ಹಳೆಯ ಹಾರ್ಟ್ ಅಟ್ಯಾಕಿಗೆ. ಆಮೇಲೆ ಕವಾಟದ ಕಾಯಿಲೆ, ವೈರಸ್ಸಿನಿಂದ ಸ್ನಾಯುವಿನ ಉರಿಯೂತ, ವರ್ಷಗಟ್ಟಲೆ ಜಾಸ್ತಿ ಕುಡಿತ, ಡಾಕ್ಸೊರುಬಿಸಿನ್‌ನಂಥ ಕೆಲವು ಕ್ಯಾನ್ಸರ್ ಔಷಧಿ, ವಾರಗಟ್ಟಲೆ ಇಳಿಯದ ಬಡಿತದ ವೇಗ. ಬಾಣಂತಿಯರಲ್ಲೂ ಬರುತ್ತದೆ, ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯಾದ ಐದು ತಿಂಗಳೊಳಗೆ. ಆ ಕಾಲು ಬಾವು, ಸುಸ್ತು ಬಾಣಂತನದ್ದೇ ಅಂದುಕೊಂಡು ತಡಮಾಡುವುದುಂಟು. ಸಡಿಲುವುದು ಕೆಡಲು ಬಿಪಿ ದೊಡ್ಡ ಕಾರಣ. ಒತ್ತಡದ ಎದುರು ತಳ್ಳಿ ತಳ್ಳಿ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ. ಸಕ್ಕರೆ ಕಾಯಿಲೆ, ವಯಸ್ಸು, ಬೊಜ್ಜು ಅದಕ್ಕೆ ಸೇರಿಕೊಳ್ಳುತ್ತವೆ. ಬಲ ಕೋಣೆಗೆ ತೊಂದರೆ ಬರುವುದು ಶ್ವಾಸಕೋಶದ ಕಾಯಿಲೆಯಿಂದ, ಅದಕ್ಕಿಂತ ಹೆಚ್ಚಾಗಿ ಎಡಭಾಗವೇ ಸೋತದ್ದರಿಂದ.

ಈಗ ನನ್ನ ಮುಖ್ಯ ವಾದ. ಇವುಗಳಲ್ಲಿ ಎಷ್ಟೋ ಸರಿಹೋಗಬಲ್ಲವು. ಕುಡಿತ ಬಿಟ್ಟರೆ, ಬಡಿತ ಹತೋಟಿಗೆ ಬಂದರೆ, ಸರಿಯಾದ ಮಾತ್ರೆ ಬಿದ್ದರೆ ಇಎಫ್ ಏರುವುದುಂಟು. ಬಾಣಂತಿಯರಲ್ಲಿ ಬಹಳ ಜನ ಚೇತರಿಸಿಕೊಳ್ಳುತ್ತಾರೆ. ರಕ್ತ ಸಾಲದೆ ಕೆಲಸ ನಿಲ್ಲಿಸಿದ ಸ್ನಾಯುವಿಗೆ ಇಂಗ್ಲಿಷಿನಲ್ಲಿ ಹೈಬರ್ನೇಟಿಂಗ್ ಅನ್ನುತ್ತಾರೆ. ಸತ್ತಿಲ್ಲ, ಮಲಗಿದೆ. ರಕ್ತ ಸಿಕ್ಕರೆ ಏಳಬಹುದು. ಪದದಲ್ಲಿ ಈ ಸಾಧ್ಯತೆಗೆ ಜಾಗ ಇರಬೇಕಲ್ವಾ? ಫ್ರೆಂಚಿನವರು, ಜರ್ಮನಿಯವರು ಹೃದಯ "ಸಾಲದಾಗಿದೆ" ಅನ್ನುವ ಅರ್ಥದ ಪದವನ್ನೇ ಬಳಸುತ್ತಾರೆ. ಕೆನಡಾದಲ್ಲಿ ಹಾರ್ಟ್ ಫೇಲ್ಯೂರ್ ರೋಗಿಗಳ ಕ್ಲಿನಿಕ್‌ಗಳನ್ನು ಹಾರ್ಟ್ ಫಂಕ್ಷನ್ ಕ್ಲಿನಿಕ್ ಅಂತಲೇ ಕರೆಯುತ್ತಾರೆ. ಕನ್ನಡದ "ಕೊರತೆ" ಆ ಕಡೆಗೇ ವಾಲುತ್ತದೆ. ಕೊರತೆ ತುಂಬಬಹುದು, ವೈಫಲ್ಯ ತುಂಬಲಾಗದು.

ಇನ್ನೊಂದು ಗೊಂದಲ. ಡಿಸ್‌ಫಂಕ್ಷನ್ ಅಂದರೆ ಎಕೋದಲ್ಲಿ ಕಂಡದ್ದು. ಹಾರ್ಟ್ ಫೇಲ್ಯೂರ್, ಪೇಪರಿನವರ "ಹೃದಯ ವೈಫಲ್ಯ", ಅಂದರೆ ರೋಗಿಯಲ್ಲಿ ಕಂಡದ್ದು: ಉಸಿರುಗಟ್ಟುವುದು, ಕಾಲು ಊದುವುದು, ಚಪ್ಪಟೆ ಮಲಗಲಾರದೆ ಮೂರು ದಿಂಬು ಕೇಳುವುದು. ಮೊದಲನೆಯದು ಇದ್ದೂ ಎರಡನೆಯದು ಇಲ್ಲದೆ ಇರಬಹುದು. ನಮ್ಮ ಮಾವನದು ಹಾಗೇ ಇತ್ತು. ಇದರ ಮೇಲೆ ಹೃದಯಾಘಾತ (ಹಾರ್ಟ್ ಅಟ್ಯಾಕ್), ಹೃದಯ ಸ್ತಂಭನ (ಬಡಿತವೇ ನಿಲ್ಲುವುದು) ಬೇರೆ. ನಾಲ್ಕೂ ಬೇರೆ ಬೇರೆ ಸಂಗತಿ. ಪೇಪರಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುತ್ತಲೇ ಇರುತ್ತದೆ.

ಹೆಸರಿಡುವಾಗ ಕೈಗೆ ಹತ್ತಿರದ ವಸ್ತು ಹಿಡಿದರೆ ಎಷ್ಟು ಚೆನ್ನ ಅನ್ನಲು ಜಪಾನಿನ ತಕೋತ್ಸುಬೊ ಸಾಕು. ದೊಡ್ಡ ದುಃಖ, ಆಘಾತವಾದಾಗ ಕೆಲವರಿಗೆ ಎಡ ಕೆಳಕೋಣೆಯ ತುದಿ ತಾತ್ಕಾಲಿಕವಾಗಿ ಬಲೂನಿನಂತೆ ಉಬ್ಬುತ್ತದೆ. 1990ರಲ್ಲಿ ಅದನ್ನು ವಿವರಿಸಿದ ಜಪಾನಿನ ವೈದ್ಯರಿಗೆ ಆ ಆಕಾರ ಆಕ್ಟೋಪಸ್ ಹಿಡಿಯುವ ಮಡಕೆಯ ಹಾಗೆ ಕಂಡಿತು, ಅದನ್ನೇ ಹೆಸರಿಟ್ಟರು. ಈಗ ಲೋಕವೆಲ್ಲ ಹಾಗೇ ಕರೆಯುತ್ತದೆ. ಉಲ್ಟಾ ಉದಾಹರಣೆ ಬಿಎನ್‌ಪಿ. ಹೃದಯ ವೈಫಲ್ಯ ಇದೆಯಾ ಅಂತ ನೋಡುವ ಈ ರಕ್ತಪರೀಕ್ಷೆಯ ಹೆಸರಿನ ಮೊದಲ ಅಕ್ಷರಕ್ಕೆ ಮೆದುಳು ಅಂತ ಅರ್ಥ, 1988ರಲ್ಲಿ ಆ ವಸ್ತು ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ. ನಮ್ಮಲ್ಲಿ ಅದು ಮುಖ್ಯವಾಗಿ ಬರುವುದು ಹಿಗ್ಗಿದ ಹೃದಯದ ಗೋಡೆಯಿಂದ. ಅಕ್ಷರಶಃ ಅನುವಾದ ಮಾಡಿದರೆ ರೋಗಿ ನರದ ಡಾಕ್ಟರ ಹತ್ತಿರ ಹೋದಾರು. ಬಿಎನ್‌ಪಿ ಬಿಎನ್‌ಪಿಯಾಗಿಯೇ ಇರಲಿ.

ಎಕೋ ಕೂಡ ಎಕೋ ಆಗಿಯೇ ಇರಲಿ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಶುರು ಮಾಡಿದ ಈ ಪರೀಕ್ಷೆಯ ಹೆಸರು ಹಳ್ಳಿಯವರ ಬಾಯಲ್ಲೂ ಕೂತಿದೆ. ಆದರೆ ಅದರ ರಿಪೋರ್ಟಿನ ಮೂರು ಪದಕ್ಕೆ ಕನ್ನಡ ಬೇಕು. ಗೋಡೆಯ ಯಾವ ತುಂಡು ಹೇಗೆ ಅಲುಗುತ್ತಿದೆ ಅಂತ ಹೇಳುವ ಪದಗಳು ಇವು. ಹೈಪೋಕೈನೀಸಿಯಾ, ಅಂದರೆ ಕಡಿಮೆ ಅಲುಗುತ್ತಿದೆ. ಅಕೈನೀಸಿಯಾ, ಅಲುಗುತ್ತಲೇ ಇಲ್ಲ. ಡಿಸ್ಕೈನೀಸಿಯಾ, ಉಳಿದ ಗೋಡೆ ಒಳಗೆ ಒತ್ತುವಾಗ ಈ ತುಂಡು ಹೊರಗೆ ಉಬ್ಬುತ್ತಿದೆ. "ಮಂದಚಲನೆ, ನಿಶ್ಚಲ, ವಿರುದ್ಧ ಚಲನೆ" ಅಂತ ಬರೆದು ನೋಡಿದೆ. ಅರ್ಥ ಸರಿ, ಬಾಯಿಗೆ ಬರುತ್ತಿಲ್ಲ.

ಹಾಗಾಗಿ ಕೇಳುವುದು ಇಷ್ಟು. "ಹಿಂಡು ಕೊರತೆ, ಸಡಿಲು ಕೊರತೆ" ನಿಮ್ಮ ಕಿವಿಗೆ ಹೇಗಿದೆ? ತಿದಿಯ ಚರ್ಮ ಬಿರುಸಾದದ್ದಕ್ಕೆ, ಒತ್ತು ಸಾಲದ್ದಕ್ಕೆ ನಿಮ್ಮ ಕಡೆಯ ಕಮ್ಮಾರರು ಏನನ್ನುತ್ತಿದ್ದರು? ಹಾಲು ಹಿಂಡುವವರು, ಗಾಣ ನಡೆಸುವವರ ಬಾಯಲ್ಲಿ ಪದ ಇದ್ದರೂ ತಿಳಿಸಿ. ತೆಲುಗಿನಲ್ಲಿ ತಿದಿಗೆ ತಿತ್ತಿ ಅನ್ನುತ್ತಾರೆ. ಕೋಲಾರ, ಬಳ್ಳಾರಿ ಕಡೆಯವರು ಆ ಪದದ ಸುತ್ತ ಏನಾದರೂ ಕೇಳಿದ್ದರೆ ಅದೂ ಬೇಕು. ಈ ತಿಂಗಳ ಕೊನೆಗೆ ಹಾಳೆ ಅಚ್ಚಿಗೆ ಹೋಗುತ್ತದೆ, ಅದಕ್ಕೆ ಮುಂಚೆ ಅತ್ತೆಗೆ ಒಂದು ಸಲ ಓದಿ ತೋರಿಸಬೇಕು.