ಆಯಿ ದೀಕ್ಷಾಸ್ನಾನ ತಗೊಳ್ಳದ ಹೋದ್ಲು, ಈಗ ಆಕಿ ನರಕದಾಗ ಅದಾಳೇನ್ರಿ?

ಬಾರಾಕೊಟ್ರಿ_ಹುಡುಗಿ:

ಎಲ್ಲಾರಿಗೂ ನಮಸ್ಕಾರ್ರೀ. ಇದನ್ನ ಬರೀಲೋ ಬ್ಯಾಡೋ ಅಂತ ನಾಕು ದಿನದಿಂದ ಟೈಪ್ ಮಾಡೋದು ಅಳಿಸೋದು ನಡದೈತಿ. ಹೋದ ತಿಂಗಳ ನಮ್ಮ ಆಯಿ ತೀರಿಕೊಂಡ್ಲು, ಅವ್ವನ ಅವ್ವ, ಎಂಬತ್ತರ ಮ್ಯಾಲ ಆಗಿತ್ತು. ಅವ್ವನ ತವರಮನಿ ಲಿಂಗಾಯತರು, ಅಪ್ಪಾಜಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತರು, ಮದಿವಿ ಮುಂದ ಅವ್ವ ಕ್ರೈಸ್ತಳಾಗಾಕ ದೀಕ್ಷಾಸ್ನಾನ ತಗೊಂಡ್ಲು, ಆಯಿ ಮಾತ್ರ ಕಡೀತನಕ ಕೊಳ್ಳಾಗಿನ ಲಿಂಗ ಬಿಡಲಿಲ್ಲ. ಆದ್ರೂ ಕ್ರಿಸ್‌ಮಸ್ಸಿಗೆ ನಮ್ಮ ಜೋಡಿ ಚರ್ಚಿಗೆ ಬರ್ತಿದ್ಲು, ಹಣಿ ಮ್ಯಾಲ ವಿಭೂತಿ ಇಟಗೊಂಡೇ ಹಿಂದಿನ ಬೆಂಚಿನಾಗ ಕುಂತು ಕೀರ್ತನಿಗೆ ತಲಿ ಆಡಸ್ತಿದ್ಲು, ಕಾಣಿಕಿ ಚೀಲ ಬಂದ್ರ ಸೆರಗಿನ ಗಂಟು ಬಿಚ್ಚಿ ಏನರ ಹಾಕ್ತಿದ್ಲು.

ಮಣ್ಣಾಗಿ ಒಂದು ವಾರಕ್ಕ ನಮ್ಮನ್ಯಾಗ ಪ್ರಾರ್ಥನೆ ಇಟ್ಟಿದ್ವಿ. ನಮ್ಮ ಸಭಾಪಾಲಕರಲ್ಲ, ಹೊರಗಿನಿಂದ ಬಂದಿದ್ದ ಒಬ್ಬ ಪ್ರಸಂಗಿ ಬೈಬಲ್ಲಿನ ಲೂಕ 16ರಾಗಿನ, ಸತ್ತ ಮ್ಯಾಲ ಯಾತನೆಗೆ ಬಿದ್ದ ಐಶ್ವರ್ಯವಂತ ಮತ್ತ ಸುಖಕ್ಕ ಸೇರಿದ ಬಡವ ಲಾಜರನ ಭಾಗ ತಗದು, ಇಬ್ಬರ ನಡುವ ದೊಡ್ಡ ಡೊಂಗರ, ಅಂದ್ರ ಆಳ ಕಮರಿ, ಐತಿ ಯಾರೂ ದಾಟಾಕ ಆಗೂದಿಲ್ಲ, ಈ ಮನ್ಯಾಗಿಂದ ಒಬ್ರು ಆ ಕಡೆ ಹೋಗ್ಯಾರ, ಉಳದವರಾದ್ರೂ ಎಚ್ಚರ ಆಗ್ರಿ ಅಂತ ಅಂದಬಿಟ್ರು. ಅವ್ವ ಚಹಾದ ಟ್ರೇ ಹಿಡಕೊಂಡು ಬಾಗಲದಾಗ ನಿಂತಿದ್ಲು. ಅವತ್ತಿಂದ ಊಟಾನೂ ಸರಿಯಾಗಿ ಮಾಡವಲ್ಲಳು.

ನನಗ ಬೇಕಾಗಿದ್ದು ಸಮಾಧಾನದ ಮಾತಲ್ಲ. ಕೃಪೆ ಅಂದ್ರ ಪುಕ್ಕಟೆ ಅಂತ ಸಂಡೇಸ್ಕೂಲಿನಾಗ ಕಲಿಸಿದ್ರಲ್ಲ, ಹಂಗಾದ್ರ ಆ ಪುಕ್ಕಟೆಗೂ ಒಂದು ಗಡುವು ಐತೇನು, ಉಸಿರು ನಿಂತ ಕೂಡ್ಲೇ ಮುಗೀತೇನು? ಎಲ್ಲಾರೂ ಕಡೀಗೆ ರಕ್ಷಣೆ ಆಗ್ತಾರ ಅಂತ ಹೇಳಿದ ಕ್ರೈಸ್ತರು ಹಿಂದ ಯಾರರ ಇದ್ರೋ, ಇಲ್ಲಾ ಇದು ಈಗಿನವರ ಫ್ಯಾಶನ್ನೋ? ಓದಿದವರು ಹೇಳ್ರಿ.

ಹಳೇ_ಒಡಂಬಡಿಕೆ:

ಮೊದಲು ನಿಮ್ಮ ಅಮ್ಮನಿಗೆ ನನ್ನ ಸಂತಾಪ ಹೇಳಿ. ಆ ಪ್ರಸಂಗಿ ಮಾಡಿದ್ದು ತಪ್ಪು, ಡೌಟೇ ಇಲ್ಲ, ಒಬ್ಬ ವ್ಯಕ್ತಿ ಎಲ್ಲಿದಾರೆ ಅಂತ ತೀರ್ಪು ಕೊಡೋ ಕುರ್ಚಿ ಅವರಿಗೆ ಯಾರೂ ಕೊಟ್ಟಿಲ್ಲ. ಆದ್ರೆ ನೀವು ಸಮಾಧಾನ ಬೇಡ ಅಂದ್ರಲ್ಲ ಹಾಗಾಗಿ ನೇರವಾಗಿ ಬರೀತೀನಿ.

ನಿತ್ಯದಂಡನೆ ಅನ್ನೋದು ಯಾರೋ ಕಠಿಣ ಮನಸ್ಸಿನವರು ಆಮೇಲೆ ಸೇರಿಸಿದ್ದಲ್ಲ, ಯೇಸುವಿನ ಬಾಯಿಂದಲೇ ಬಂದಿದ್ದು. ಮತ್ತಾಯ 25:46 ತೆಗೆದು ನೋಡಿ, ನಿತ್ಯದಂಡನೆ ನಿತ್ಯಜೀವ ಎರಡೂ ಒಂದೇ ವಾಕ್ಯದಲ್ಲಿವೆ. ಹಳೇ ಕಾಲದ ಬಿಷಪ್ ಅಗಸ್ಟೀನ್ ತಮ್ಮ ‘ದೇವರ ನಗರ’ ಪುಸ್ತಕದ 21ನೇ ಭಾಗದಲ್ಲಿ ಇದನ್ನೇ ಹಿಡ್ಕೊಂಡು ಕೇಳ್ತಾರೆ, ದಂಡನೆ ಒಂದಿನ ಮುಗಿಯುತ್ತೆ ಅನ್ನೋದಾದ್ರೆ ಜೀವವೂ ಒಂದಿನ ಮುಗಿಯುತ್ತೆ ಅಂತ ಒಪ್ಕೋಬೇಕಲ್ವಾ, ಒಂದೇ ಪದಕ್ಕೆ ಒಂದೇ ಸಾಲಲ್ಲಿ ಎರಡು ಅಳತೆ ಹೇಗೆ? ಸಾವಿರದ ಆರುನೂರು ವರ್ಷ ಆಯ್ತು, ಈ ಪ್ರಶ್ನೆ ಪಕ್ಕಕ್ಕೆ ಸರಿಸೋಕೆ ಆಗಿಲ್ಲ.

ಇನ್ನು ಕೃಪೆ. ಕೃಪೆ ಪುಕ್ಕಟೆ ನಿಜ, ಆದ್ರೆ ಪುಕ್ಕಟೆ ಅಂದ್ರೆ ಕೊಡಲೇಬೇಕಾದ್ದು ಅಂತಲ್ಲ. ಎಲ್ಲರಿಗೂ ಸಿಗಲೇಬೇಕು, ಸಿಗದಿದ್ರೆ ದೇವರು ಅನ್ಯಾಯಗಾರ ಅಂದ ತಕ್ಷಣ ಅದು ಕೃಪೆ ಆಗಿರಲ್ಲ, ಬಾಕಿ ಸಂಬಳ ಆಗುತ್ತೆ. ನೆದರ್ಲೆಂಡ್ಸಿನಲ್ಲಿ ನಡೆದ 1618-19ರ ಡಾರ್ಟ್ ಸಭೆಯಲ್ಲಿ ನಮ್ಮ ಸುಧಾರಿತ ಪರಂಪರೆಯವರು ಇದನ್ನೇ ಗಟ್ಟಿಯಾಗಿ ಹೇಳಿದ್ದು. ಬಡವನ ಹೊಲ ನುಂಗಿದವನು, ಮಕ್ಕಳನ್ನ ಕೊಂದವನು, ಇವರಿಗೆಲ್ಲಾ ಕೊನೆಗೆ ಒಂದೇ ಪಂಕ್ತೀಲಿ ಊಟ ಅಂದ್ರೆ ಸತ್ತವರಿಗೆ ಯಾವ ನ್ಯಾಯ ಸಿಕ್ಕಂಗಾಯ್ತು? ನರಕ ಇಷ್ಟ ಅಂತ ನಾನು ಹೇಳ್ತಿಲ್ಲ, ನನಗಿಷ್ಟ ಇಲ್ಲ ಅನ್ನೋ ಕಾರಣಕ್ಕೆ ಅದು ಇಲ್ಲದೇ ಹೋಗಲ್ಲ.

ಗ್ರೀಕ್_ಅರೆಬರೆ:

ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ: ಇದ್ರು, ಬೇಕಾದಷ್ಟು ಜನ ಇದ್ರು. ಫ್ಯಾಶನ್ ಅಲ್ಲ. ಮೇಲಿನವರು ಅಗಸ್ಟೀನ್ ಹೆಸರು ಹೇಳಿದ್ರು, ಅದೇ 21ನೇ ಭಾಗದಲ್ಲಿ ಅವರು ವಾದ ಮಾಡ್ತಿರೋದು ಯಾರ ಜೊತೆ ಅಂತ ನೋಡಿ, ಹೊರಗಿನವರ ಜೊತೆ ಅಲ್ಲ, ಸಭೆಯ ಒಳಗೇ ಇದ್ದ ಜನರ ಜೊತೆ, ಅವರನ್ನ "ನಮ್ಮ ಕರುಣಾಳುಗಳು" ಅಂತ ಕರೆದು ಶಾಂತವಾಗಿ ಜಗಳ ಆಡ್ತಾರೆ. ಅಂಥವರು ತುಂಬಾ ಜನ ಇದ್ದಾರೆ ಅಂತ ಇನ್ನೊಂದು ಕಡೆ ಅವರೇ ಒಪ್ಕೊಂಡಿದಾರೆ.

ಅದಕ್ಕೂ ಮುಂಚೆ ಅಲೆಕ್ಸಾಂಡ್ರಿಯಾದ ಒರಿಗೆನ್, ಮೂರನೇ ಶತಮಾನ. ಎಲ್ಲವೂ ಕೊನೆಗೆ ದೇವರ ಹತ್ರ ವಾಪಸ್ ಬರುತ್ತೆ ಅನ್ನೋ ಕಡೆ ಅವರ ಯೋಚನೆ ಹೋಗಿತ್ತು. ಡೀಸಿಯಸ್ ಚಕ್ರವರ್ತಿಯ ಕಾಲದ ಹಿಂಸೆಯಲ್ಲಿ ನಂಬಿಕೆಗೋಸ್ಕರ ಚಿತ್ರಹಿಂಸೆ ತಿಂದ ಮನುಷ್ಯ, ಸತ್ತು ಮುನ್ನೂರು ವರ್ಷ ಆದ್ಮೇಲೆ 553ರ ಕಾನ್‌ಸ್ಟಾಂಟಿನೋಪಲ್ ಸಭೆ ಅವರ ಹೆಸರನ್ನ ಪಾಷಂಡಿಗಳ ಪಟ್ಟಿಗೆ ಸೇರಿಸಿತು. ತಮಾಷೆ ಏನಪ್ಪಾ ಅಂದ್ರೆ ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಕೂಡ ಅದೇ ಆಶೆಯನ್ನ ಇನ್ನೂ ಬಿಚ್ಚಿ ಬರೆದಿದ್ರು, ತಮ್ಮ ಅಕ್ಕ ಮಕ್ರಿನಾ ಸಾಯೋ ಹಾಸಿಗೆ ಮೇಲೆ ಮಾತಾಡಿದ ಹಾಗೆ ಬರೆದ ಸಂಭಾಷಣೆಯಲ್ಲೇ ಅದು ಬರುತ್ತೆ, ಬೆಂಕಿ ಅಂದ್ರೆ ಚಿನ್ನದಿಂದ ಕಲ್ಮಷ ತೆಗೆಯೋ ಬೆಂಕಿ ಅಂತ. ಅವರನ್ನ ಯಾರೂ ಮುಟ್ಟಲಿಲ್ಲ, ಇವತ್ತಿಗೂ ಸಂತರು.

ಈಗ ಆ ಪದ. ನಮ್ಮ ಕನ್ನಡ ಬೈಬಲ್ಲಲ್ಲಿ ನಿತ್ಯ ಅಂತಿರೋದು ಗ್ರೀಕಲ್ಲಿ ಅಯೋನಿಯೋಸ್, ಅಯೋನ್ ಅಂದ್ರೆ ಯುಗ ಅಥವಾ ಕಾಲ, ಅದರಿಂದ ಬಂದ ವಿಶೇಷಣ. ಒಂದೇ ಸಾಲಲ್ಲಿ ಎರಡು ಅಳತೆ ಹೇಗೆ ಅಂತ ಅಗಸ್ಟೀನ್ ಕೇಳಿದ್ರಲ್ಲ, ರೋಮಾಪುರದವರಿಗೆ ಬರೆದ ಪತ್ರದ ಕೊನೆ, 16:25 ಮತ್ತು 26 ಜೋಡಿಸಿ ಓದಿ. 25ರಲ್ಲಿ ಗುಟ್ಟಾಗಿದ್ದ ಮರ್ಮದ "ಅಯೋನಿಯೋಸ್" ಕಾಲ, ಆ ಕಾಲ ಮುಗಿದು ಈಗ ಮರ್ಮ ಬಯಲಾಗಿದೆ. 26ರಲ್ಲಿ "ಅಯೋನಿಯೋಸ್" ದೇವರು, ಆತ ಮುಗಿಯೋನಲ್ಲ. ಅದೇ ಪದ, ಅದೇ ಉಸಿರಲ್ಲಿ, ಎರಡು ಅಳತೆ, ಪೌಲನಿಗೇನೂ ಕಷ್ಟ ಆಗ್ಲಿಲ್ಲ. ದಂಡನೆಗೆ ಇರೋ ಕೊಲಾಸಿಸ್ ಅನ್ನೋ ಪದಾನ ಅರಿಸ್ಟಾಟಲ್ ಶಿಕ್ಷೆ ಅನುಭವಿಸೋನ ಒಳ್ಳೇದಕ್ಕೆ ಕೊಡೋದು ಅಂತಲೂ, ತಿಮೋರಿಯಾ ಅನ್ನೋದನ್ನ ಶಿಕ್ಷೆ ಕೊಡೋನ ಸಮಾಧಾನಕ್ಕೆ ಅಂತಲೂ ಬೇರೆ ಮಾಡಿದ್ದ. ಇದರ ಮೇಲೆ ಜಾಸ್ತಿ ಭಾರ ಹಾಕಬೇಡಿ, ಹೊಸ ಒಡಂಬಡಿಕೆ ಕಾಲಕ್ಕೆ ಆ ಗೆರೆ ಮಸುಕಾಗಿತ್ತು. ರೋಮಾ 16 ಮಾತ್ರ ಗಟ್ಟಿ.

ಸಂಡೇಸ್ಕೂಲಲ್ಲಿ ಗೆಹೆನ್ನಾ (ಯೇಸು ನರಕಕ್ಕೆ ಬಳಸಿದ ಪದ, ಹಿನ್ನೋಮ್ ಕಣಿವೆ ಹೆಸರಿಂದ ಬಂದದ್ದು) ಅಂದ್ರೆ ಯೆರೂಸಲೇಮಿನ ಕಸ ಸುಡೋ ಜಾಗ ಅಂತ ಹೇಳ್ಕೊಡ್ತಾರಲ್ಲ, ಆ ಕಸದ ಕಥೆ ಮೊದಲು ಸಿಗೋದು 1200ರ ಸುಮಾರಿನ ರಬ್ಬಿ ಡೇವಿಡ್ ಕಿಮ್ಹಿಯ ಬರಹದಲ್ಲಿ. ಹಿನ್ನೋಮ್ ಕಣಿವೆ ನಿಜ, ಅಲ್ಲಿ ಮಕ್ಕಳನ್ನ ಮೋಲೆಕನಿಗೆ ಬಲಿ ಕೊಟ್ಟಿದ್ದು ಹಳೇ ಒಡಂಬಡಿಕೆಯಲ್ಲೇ ಇದೆ. ವಿಷಯಕ್ಕೆ ಸಂಬಂಧ ಇಲ್ಲ, ಹೇಳದೇ ಇರೋಕಾಗಲ್ಲ ನನಗೆ.

ಕುಡ್ಲದ_ಪೊರ್ಬು:

ನಾನು ಕಥೋಲಿಕ, ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ನರಕ ಉಂಟು, ಅದು ನಿತ್ಯ ಅಂತ ನಮ್ಮ ಧರ್ಮೋಪದೇಶದಲ್ಲಿ ಸ್ಪಷ್ಟ ಬರ್ದಿದೆ, ಅದನ್ನ ಮುಚ್ಚಿಡೋದು ಬೇಡ. ಆದ್ರೆ ಸಂತರು ಅಂತ ಸಾವಿರಗಟ್ಟಲೆ ಹೆಸರು ಘೋಷಿಸಿದ ಚರ್ಚು ಇಂಥವ ನರಕದಲ್ಲಿದ್ದಾನೆ ಅಂತ ಇವತ್ತಿನವರೆಗೆ ಒಂದೇ ಒಂದು ಹೆಸರು ಘೋಷಿಸಿಲ್ಲ ಮಾರಾಯ್ರೆ, ಯೇಸುವನ್ನ ಹಿಡಿದುಕೊಟ್ಟ ಯೂದನದ್ದೂ ಇಲ್ಲ. ನಿಮ್ಮ ಮನೆಗೆ ಬಂದ ಆ ಪ್ರಸಂಗಿಗೆ ಎಲ್ಲಿಂದ ಲಿಸ್ಟ್ ಸಿಕ್ಕಿತು?

ಮತ್ತೆ ನಾವು ಜಪಸರ ಹೇಳುವಾಗ ಪ್ರತೀ ಹತ್ತು ಮಣಿಗಳ ಕೊನೆಗೆ ಪೋರ್ಚುಗಲಿನ ಫಾತಿಮಾ ಊರಿನ ಹೆಸರಿನ ಪ್ರಾರ್ಥನೆ ಬರ್ತದೆ, ಎಲ್ಲಾ ಆತ್ಮಗಳನ್ನ ಸ್ವರ್ಗಕ್ಕೆ ಕರ್ಕೊಂಡು ಹೋಗು ಅಂತ. ಎಲ್ಲಾ ಅಂದ್ರೆ ಎಲ್ಲಾ. ಆಗದ ಕೆಲಸ ಆದ್ರೆ ಹಾಗೆ ದಿನಾ ಕೇಳೋದು ಎಂತಕ್ಕೆ? ಸ್ವಿಟ್ಜರ್ಲೆಂಡಿನ ಬಾಲ್ತಸಾರ್ ಅನ್ನುವ ದೈವಶಾಸ್ತ್ರಿ ಹೇಳಿದ್ದೂ ಅಷ್ಟೇ, ಎಲ್ಲರೂ ರಕ್ಷಣೆ ಆಗ್ತಾರೆ ಅಂತ ಖಾತ್ರಿ ಹೇಳ್ಲಿಕ್ಕೆ ಆಗೋದಿಲ್ಲ, ಆಶಿಸ್ಲಿಕ್ಕೆ ಆಗ್ತದೆ, ಆಶಿಸಲೇಬೇಕು. ಅದಕ್ಕೆ ಬೈಸಿಕೊಂಡದ್ದಕ್ಕೆ ಲೆಕ್ಕ ಇಲ್ಲ, ಆದ್ರೂ 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನ ಕಾರ್ಡಿನಲ್ ಮಾಡಿದ್ರು, ಸಮಾರಂಭಕ್ಕೆ ಎರಡು ದಿನ ಇರುವಾಗ ತೀರಿ ಹೋದ್ರು.

ಆದ್ರೆ ನಿಮ್ಮ ಅಮ್ಮನ ದುಃಖ ಓದುವಾಗ ನನಗೆ ನೆನಪಾದದ್ದು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಒಂದು ಕಾಗದ. ಜಪಾನಿನಿಂದ ವಾಪಸ್ ಬಂದ ಮೇಲೆ 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದದ್ದು. ಜಪಾನಿನಲ್ಲಿ ಹೊಸದಾಗಿ ಜ್ಞಾನಸ್ನಾನ (ನೀವು ದೀಕ್ಷಾಸ್ನಾನ ಅನ್ನುವುದು) ಪಡೆದವರು ಕೇಳಿದ್ದು ಇದೇ ಪ್ರಶ್ನೆ, ನಿಮ್ಮ ದೇವರು ಅಷ್ಟು ಒಳ್ಳೆಯವನಾದ್ರೆ ನಮ್ಮ ಹಿರಿಯರಿಗೆ ಯಾಕೆ ಮೊದಲೇ ತಿಳಿಸಲಿಲ್ಲ, ಸತ್ತ ನಮ್ಮ ಅಪ್ಪ ಅಮ್ಮ ಹೆಂಡತಿ ಮಕ್ಕಳನ್ನ ದಾನ ಧರ್ಮ ಪ್ರಾರ್ಥನೆ ಮಾಡಿ ಬಿಡಿಸ್ಲಿಕ್ಕೆ ಆಗೋದಿಲ್ವಾ ಅಂತ. ಇಲ್ಲ ಅಂದ್ರು ಅವರು. ಜನ ಅತ್ತರು. ಇಷ್ಟು ಪ್ರೀತಿಯ ಸ್ನೇಹಿತರು ಪರಿಹಾರ ಇಲ್ಲದ್ದಕ್ಕೆ ಅಳೋದು ನೋಡಿ ನನಗೂ ಸಂಕಟ ಆಗ್ತದೆ ಅಂತ ಕಾಗದದಲ್ಲಿ ಅವರೇ ಬರ್ದಿದ್ದಾರೆ. ಅದೇ ಚರ್ಚು 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆ ಅರಿಯದೆ ಆದ್ರೆ ಪ್ರಾಮಾಣಿಕವಾಗಿ ದೇವರನ್ನ ಹುಡುಕಿದವರಿಗೂ ರಕ್ಷಣೆ ಸಿಗಬಹುದು ಅಂತ ಹೇಳಿತು. ನಾನ್ನೂರು ಚಿಲ್ಲರೆ ವರ್ಷ ಬೇಕಾಯ್ತು, ನೋಡಿ.

ಕರಿಕೋಟು:

ವಕೀಲಿ ವೃತ್ತಿಯವನು, ದೈವಶಾಸ್ತ್ರ ತಿಳಿಯಲ್ಲ, ಆದ್ರೆ ನರಕ ಒಂದ್ಸಲ ಕೋರ್ಟಿಗೂ ಬಂದಿತ್ತು ಅಂತ ಹೇಳಿ ಹೋಗ್ತೀನಿ. 1860ರಲ್ಲಿ ಇಂಗ್ಲೆಂಡಲ್ಲಿ ಏಳು ಜನ ಸೇರಿ ಬರೆದ ಒಂದು ಪ್ರಬಂಧ ಸಂಗ್ರಹ ಬಂತು, ಅದರಲ್ಲಿ ವಿಲ್ಸನ್ ಅನ್ನೋ ಪಾದ್ರಿ ಕೊನೆಗೆ ಎಲ್ಲರಿಗೂ ದೇವರ ಹತ್ರ ಆಸರೆ ಸಿಗಬಹುದೇನೋ ಅಂತ ಬರೆದಿದ್ದಕ್ಕೆ ಕೇಸಾಯ್ತು. 1864ರಲ್ಲಿ ಪ್ರಿವಿ ಕೌನ್ಸಿಲ್, ಆಗ ನಮ್ಮ ದೇಶದ ಅಪೀಲುಗಳೂ ಕೊನೆಗೆ ಅಲ್ಲಿಗೇ ಹೋಗ್ತಿದ್ದಿದ್ದು, ಇಂಥ ಆಶೆ ಬರೆದ ಮಾತ್ರಕ್ಕೆ ಅಪರಾಧ ಅಲ್ಲ ಅಂತ ಬಿಟ್ಟುಬಿಡ್ತು. ತೀರ್ಪು ಕೊಟ್ಟ ಲಾರ್ಡ್ ವೆಸ್ಟ್‌ಬರಿ ನರಕವನ್ನ ಖರ್ಚು ಸಹಿತ ವಜಾ ಮಾಡಿದ್ರು ಅಂತ ಜನ ಆಡ್ಕೊಂಡ್ರು. ಅದಕ್ಕೂ ಹನ್ನೊಂದು ವರ್ಷ ಮುಂಚೆ, 1853ರಲ್ಲಿ, ಎಫ್. ಡಿ. ಮಾರಿಸ್ ಅನ್ನೋ ಪ್ರೊಫೆಸರು ಇದೇ ವಿಷಯಕ್ಕೆ ಲಂಡನ್ನಿನ ಕಿಂಗ್ಸ್ ಕಾಲೇಜಲ್ಲಿ ಕೆಲಸ ಕಳ್ಕೊಂಡಿದ್ರು, ಪಾಪ, ಅವರಿಗೆ ಕೋರ್ಟು ಸಿಗ್ಲಿಲ್ಲ.

ಗ್ರೀಕ್_ಅರೆಬರೆ:

ಇನ್ನೊಂದು ಬಿಟ್ಟೋಯ್ತು, ನಿಮ್ಮ ಹೆಸರಲ್ಲಿ ಬಾರಾಕೊಟ್ರಿ ಇದೆಯಲ್ಲ, ಆ ನಿಮ್ಮ ಧಾರವಾಡಕ್ಕೇ ಸಂಬಂಧಪಟ್ಟಿದ್ದು. ನಿಮ್ಮ ಸಭೆ ಬಾಸೆಲ್ ಮಿಶನ್ ಮೂಲದ್ದಿರಬೇಕಲ್ವಾ, ಅವರು 1834ರಲ್ಲಿ ಮಂಗಳೂರಿಗೆ ಬಂದು 1837ಕ್ಕೆ ಧಾರವಾಡ ಮುಟ್ಟಿದ್ರು. ಮಂಗಳೂರ ಸಮಾಚಾರ ಮಾಡಿದ ಮೋಗ್ಲಿಂಗ್ ಸೇರಿ ಆ ಮಿಶನರಿಗಳಲ್ಲಿ ಬಹಳಷ್ಟು ಜನ ಜರ್ಮನಿಯ ವುರ್ಟೆಂಬೆರ್ಗಿನವರು. ಆ ಸೀಮೆಯ ಭಕ್ತಿಪಂಥದಲ್ಲಿ ಬೆಂಗೆಲ್, ಓಟಿಂಗರ್, ಮಿಖಾಯೆಲ್ ಹಾನ್ ಅನ್ನೋ ಬೋಧಕರ ಕಾಲದಿಂದ ಎಲ್ಲರೂ ಕೊನೆಗೆ ವಾಪಸ್ ಸೇರ್ತಾರೆ ಅನ್ನೋ ನಂಬಿಕೆ ಒಳಗೊಳಗೇ ಹರೀತಿತ್ತು. ಒಳಗೊಳಗೇ ಯಾಕಂದ್ರೆ ಲೂಥರನ್ನರ 1530ರ ಆಗ್ಸ್‌ಬರ್ಗ್ ನಂಬಿಕೆಯ ಅರಿಕೆಯ 17ನೇ ವಿಧಿ ಅದನ್ನ ನೇರವಾಗಿ ಖಂಡಿಸುತ್ತೆ. ಹಾಗಾಗಿ ಅವರಲ್ಲಿ ಒಂದು ಮಾತಿತ್ತು, ಇದನ್ನ ನಂಬದೇ ಇರೋನು ಎತ್ತು, ನಂಬಿ ಬೋಧಿಸೋನು ಕತ್ತೆ ಅಂತ. ನಮಗೆ ಬೈಬಲ್ ತಂದವರೆಲ್ಲಾ ಗುಟ್ಟಾಗಿ ಹೀಗೇ ನಂಬಿದ್ರು ಅಂತ ಅಲ್ಲ ನಾನು ಹೇಳೋದು. ಅವರ ಊರಲ್ಲಿ ಇದು ಹೊರಗಿನವರ ಮಾತಾಗಿರ್ಲಿಲ್ಲ ಅಷ್ಟೇ. ಹಡಗು ಹತ್ತುವಾಗ ಆ ಪಿಸುಮಾತು ಅಲ್ಲೇ ಉಳೀತು, ಗಟ್ಟಿ ಮಾತು ಮಾತ್ರ ನಮ್ಮ ಕಡೆ ಬಂತು.

ಹಳೇ_ಒಡಂಬಡಿಕೆ:

ರೋಮಾ 16 ಒಳ್ಳೇ ಪಾಯಿಂಟು, ಒಪ್ಪಿದೆ. ಪದದಿಂದ ಮಾತ್ರ ನಾನು ಗೆಲ್ಲಲ್ಲ. ಆದ್ರೆ ಪ್ರಕಟನೆ 20:10ರಲ್ಲಿ ಸೈತಾನನ ಯಾತನೆಗೆ ಹೇಳಿರೋ ಯುಗಯುಗಾಂತರ ಅನ್ನೋದನ್ನ ಏನ್ ಮಾಡ್ತೀರಾ? ಮತ್ತೆ ಪೊರ್ಬು ಅವ್ರೇ, ಆಶಿಸೋದು ಬೇರೆ, ಬೋಧಿಸೋದು ಬೇರೆ ಅಂತ ನೀವೇ ಹೇಳಿದ್ರಿ, ನಾನೂ ಅಷ್ಟೇ ಹೇಳ್ತಿರೋದು. ಜಾನ್ ಸ್ಟಾಟ್ ಅಂಥ ದೊಡ್ಡ ಇವಾಂಜೆಲಿಕಲ್ ಮನುಷ್ಯನೇ 1988ರಲ್ಲಿ ದುಷ್ಟರು ಕೊನೆಗೆ ಇಲ್ಲವಾಗ್ತಾರೆ, ಕೊನೆಯಿಲ್ಲದೆ ನರಳ್ತಾ ಇರಲ್ಲ ಅನ್ನೋ ಕಡೆ ವಾಲಿದ್ರು, ನನಗೆ ಕೆಲವು ರಾತ್ರಿ ಅದು ಸರಿ ಅನ್ಸುತ್ತೆ. ಎಲ್ಲರೂ ರಕ್ಷಣೆ ಅನ್ನೋದು ಮಾತ್ರ ಇನ್ನೂ ಗಂಟಲಲ್ಲಿ ಇಳೀತಿಲ್ಲ.

ಬಾರಾಕೊಟ್ರಿ_ಹುಡುಗಿ:

ಎಲ್ಲಾರೂ ಇಷ್ಟು ಬರದೀರಿ, ಎರಡು ಸಲ ಓದಿದೆ. ಒಡಂಬಡಿಕೆ ಅಣ್ಣಾ, ಸಿಟ್ಟಿಲ್ಲ, ಖರೇನ ಕೇಳ್ತೀನಿ, ಇದನ್ನ ನಮ್ಮವ್ವನ ಎದುರು ಕುಂತು ಹೇಳಾಕ ಆಕ್ಕೇತೇನು ನಿಮಗ? ಮತ್ತ ಸ್ವರ್ಗದಾಗ ಕಣ್ಣೀರ ಇರೂದಿಲ್ಲ ಅಂತಾರಲ್ಲ, ಆಯಿ ಇಲ್ಲದ ಸ್ವರ್ಗದಾಗ ಅವ್ವ ನಕ್ಕೋತ ಇರಬೇಕಂದ್ರ ಆಯಿನ್ನ ಮರತಿರಬೇಕು, ಮರತ ಮ್ಯಾಲ ಆಕಿ ನಮ್ಮವ್ವ ಹೆಂಗ ಆದ್ಲು?

ಹಳೇ_ಒಡಂಬಡಿಕೆ:

ಇಲ್ಲ ತಂಗಿ, ನಿಮ್ಮ ಅಮ್ಮನ ಎದುರು ಹೇಳೋಕಾಗಲ್ಲ. ಎರಡನೇದಕ್ಕೆ ಸಂತರು ಆಗ ದೇವರ ನ್ಯಾಯವನ್ನ ದೇವರ ಕಣ್ಣಲ್ಲೇ ನೋಡ್ತಾರೆ ಅಂತ ನಮ್ಮವರು ಉತ್ತರ ಕೊಡ್ತಾರೆ. ಟೈಪ್ ಮಾಡಿ ನೋಡಿದೆ, ನಿಮಗೆ ಕಳಿಸೋ ಮನಸ್ಸಾಗ್ಲಿಲ್ಲ, ಆದ್ರೂ ಇರೋದನ್ನ ಇದೆ ಅಂತ ಹೇಳ್ಬೇಕಲ್ಲ ಅಂತ ಕಳಿಸ್ತಿದೀನಿ.

ಬಾರಾಕೊಟ್ರಿ_ಹುಡುಗಿ:

ನಿನ್ನೆ ರಾತ್ರಿ ಅವ್ವಗ ಎಲ್ಲಾ ಓದಿ ಹೇಳಿದೆ. ಗ್ರೀಕು, ಅಗಸ್ಟೀನು ಅದೆಲ್ಲಾ ಸುಮ್ಮನ ಕೇಳಿದ್ಲು. ಎತ್ತು, ಕತ್ತೆ ಅನ್ನೂ ಮಾತಿಗೆ ಸ್ವಲ್ಪ ನಕ್ಕಳು. ಆಮ್ಯಾಲ ಕೇಳಿದ್ದು ಒಂದೇ, ಆ ಜಪಾನಿನ ಮಂದಿ ಅಷ್ಟು ಅತ್ತ ಮ್ಯಾಲ ಚರ್ಚಿಗೆ ಹೋಗೂದು ಬಿಟ್ಟಬಿಟ್ರೇನು ಅಂತ. ಪೊರ್ಬು ಅಣ್ಣಾರ, ಗೊತ್ತೈತೇನ್ರಿ?

ಕುಡ್ಲದ_ಪೊರ್ಬು:

ಎಲ್ಲರೂ ಬಿಡ್ಲಿಲ್ಲ. 1614ರಲ್ಲಿ ಅಲ್ಲಿನ ಸರ್ಕಾರ ಕ್ರೈಸ್ತಧರ್ಮವನ್ನೇ ನಿಷೇಧ ಮಾಡಿತು, ಗುರುಗಳನ್ನ ಓಡಿಸಿದ್ರು, ಕೊಂದ್ರು, ಕೊನೆಗೆ ಪೂಜೆ ಮಾಡ್ಲಿಕ್ಕೆ ಒಬ್ಬ ಗುರುವೂ ಉಳೀಲಿಲ್ಲ. 1865ರಲ್ಲಿ ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ಔರಾ ಚರ್ಚಿಗೆ ಒಂದಷ್ಟು ಹಳ್ಳಿ ಜನ ಬಂದು, ಅಲ್ಲಿದ್ದ ಫ್ರೆಂಚ್ ಫಾದರ್ ಹತ್ರ ಮೆಲ್ಲ ಹೇಳಿದ್ರಂತೆ, ನಿಮ್ಮದೂ ನಮ್ಮದೂ ಹೃದಯ ಒಂದೇ, ಮಾತೆ ಮರಿಯಳ ಪ್ರತಿಮೆ ಎಲ್ಲುಂಟು ಅಂತ. ಅಷ್ಟು ಕಾಲ ಅಪ್ಪ ಮಗನಿಗೆ, ಅಮ್ಮ ಮಗಳಿಗೆ ಹೇಳಿಕೊಟ್ಟೇ ಉಳಿಸಿಕೊಂಡು ಬಂದದ್ದು. ಅಮ್ಮನಿಗೆ ಹೇಳಿ.