ಕನಸೆಂದು ತಿಳಿದ ಮೇಲೂ ಬಿಲ್ಲಿನ ಭಯವೇಕೆ?

ಪ್ರಶ್ನೆ (ಚಿತ್ರದುರ್ಗದಿಂದ):
ಕಳೆದ ವಾರ ಕನಸಿನಲ್ಲಿ ಓಬವ್ವನ ಕಿಂಡಿಯೊಳಗೆ ನುಸುಳುತ್ತಿದ್ದೆ. ಕಲ್ಲು ಭುಜಕ್ಕೆ ಉಜ್ಜಿದ್ದೂ ನೆನಪಿದೆ. ಹೊರಬಂದರೆ ಕೋಟೆಯೇ ಇಲ್ಲ, ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲು! ಆ ಕ್ಷಣವೇ ‘ಇದು ಕನಸು’ ಎಂದು ಹೊಳೆಯಿತು. ಆದರೂ ಎರಡು ದೋಸೆ ತಿಂದು, ಜೇಬಿನಲ್ಲಿ ದುಡ್ಡಿಲ್ಲವೆಂದು ಬೆವರುತ್ತ ಕುಳಿತಿದ್ದೆ. ಇದನ್ನು ಎಚ್ಚರದ ಕನಸು, ಅಂದರೆ ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವಿರುವ ಕನಸು, ಎನ್ನಬಹುದೇ?

ಉತ್ತರ 1:
ಅರೆ ಎಚ್ಚರ ಎನ್ನಿ. ಅರಿವು ದೀಪದ ಸ್ವಿಚ್ಚಿನಂತಲ್ಲ, ಫ್ಯಾನಿನ ರೆಗ್ಯುಲೇಟರಿನಂತೆ. ‘ಇದು ಕನಸು’ ಎಂಬ ಮಾತು ಬಂದರೂ ‘ಹಾಗಾದರೆ ಬಿಲ್ಲೂ ಸುಳ್ಳು, ನಾನು ಹಾಸಿಗೆಯಲ್ಲಿದ್ದೇನೆ’ ಎಂಬ ತೀರ್ಮಾನ ಬರಬೇಕೆಂದಿಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ನಡೆಸಿದ ಪ್ರಯೋಗದಲ್ಲಿ, ನಿದ್ದೆಯಲ್ಲಿದ್ದ ಅಲನ್ ವರ್ಸ್ಲಿ ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ‘ಇದು ಕನಸೆಂದು ಗೊತ್ತಾಗಿದೆ’ ಎಂಬ ಸಂಕೇತ ಕೊಟ್ಟರು. ಇಂಥ ಕನಸು ಬೀಳುವ ಹಂತದ ನಿದ್ದೆಯಲ್ಲಿ ಮೈಯ ಬಹುಪಾಲು ಸ್ನಾಯುಗಳು ಸಡಿಲವಾಗಿರುತ್ತವೆ, ಆದರೆ ಕಣ್ಣು ಚಲಿಸುತ್ತದೆ. ಎಚ್ಚರದಲ್ಲಿ ಮಾಡಿಕೊಂಡ ಒಪ್ಪಂದ ಕನಸಿನೊಳಗೂ ನೆನಪಿತ್ತಲ್ಲ, ಅದು ಮೇಲಿನ ಮೆಟ್ಟಿಲು. ನೀವಿನ್ನೂ ಗಲ್ಲಾಪೆಟ್ಟಿಗೆಯ ಬಳಿ ಇದ್ದೀರಿ!

ಉತ್ತರ 2:
ಅರಿವು ಬೇರೆ, ಹಿಡಿತ ಬೇರೆ. ಒಮ್ಮೆ ನನಗೆ ಎಲ್ಲವೂ ಸ್ಪಷ್ಟವಾಗಿ ತಿಳಿದಿತ್ತು, ಬಸ್ಸು ಮಾತ್ರ ನಾನು ಹೇಳಿದಲ್ಲಿ ನಿಲ್ಲಲಿಲ್ಲ.

ಪ್ರಶ್ನೆ ಕೇಳಿದವರು:
ನಿನ್ನೆ ಕನಸಿನಲ್ಲಿ ಬೆರಳೆಣಿಸಿದೆ, ಆರಿದ್ದವು. ‘ಸರಿ, ಕನಸೇ’ ಎಂದುಕೊಂಡೆ. ಆಮೇಲೆ ಅಮ್ಮ ನೋಡಿ ಗಾಬರಿಯಾದಾರೆಂದು ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡೆ.