ಗೇರು ಬದಲಿಸದೆ ದೊಡ್ಡ ಟೈರು: ಜಿಮ್ನಿಗೆ ಎಷ್ಟರವರೆಗೆ ಸರಿ?

ಪ್ರಶ್ನೆ – ಹೆಬ್ರಿಯ ಸದಸ್ಯರಿಂದ

ನಮಸ್ಕಾರ ಸರ್. ನನ್ನಲ್ಲಿರುವುದು 2023ರ ಮಾರುತಿ ಜಿಮ್ನಿ, ಮ್ಯಾನುವಲ್ ಗೇರಿನದು. ಮನೆಯಿಂದ ತೋಟಕ್ಕೆ ಹೋಗುವ ದಾರಿಯಲ್ಲಿ ಅರ್ಧ ಕಿಲೋಮೀಟರಿನಷ್ಟು ಕೆಂಪುಕಲ್ಲಿನ ಚಡಾವು ಇದೆ. ಆಟಿ ತಿಂಗಳಿನ ಜೋರು ಮಳೆಯಲ್ಲಿ ಅದು ಪಾಚಿ ಕಟ್ಟಿ ಜಾರುತ್ತದೆ. ನಡುವೆ ಎದ್ದು ನಿಂತಿರುವ ಒಂದು ಕಲ್ಲಿಗೆ ಗಾಡಿಯ ಅಡಿಭಾಗ ಈಗಾಗಲೇ ಎರಡು ಬಾರಿ ತಾಗಿದೆ. ಕಂಪನಿಯಿಂದ ಬಂದ 195/80 ಆರ್15 ಟೈರುಗಳು ಪೂರ್ತಿ ಸವೆದಿರುವುದರಿಂದ, ಹೇಗೂ ಬದಲಿಸುವಾಗ 235/75 ಆರ್15 ಅಳತೆಯ ಆಲ್ ಟೆರೇನ್ ಟೈರುಗಳನ್ನೇ ಹಾಕಿಸೋಣವೆಂದಿದ್ದೇನೆ. ಟೈರು ಅಂಗಡಿಯವರು 'ಏನೂ ಆಗುವುದಿಲ್ಲ ಮಾರಾಯ್ರೆ, ಹಾಕಿ' ಎನ್ನುತ್ತಾರೆ. ಗೆಳೆಯರೊಬ್ಬರು ಕ್ರೌನ್ ಪಿನಿಯನ್ (ಆಕ್ಸಲಿನೊಳಗಿನ ಕೊನೆಯ ಹಲ್ಲುಚಕ್ರಗಳ ಜೋಡಿ) ಬದಲಿಸದಿದ್ದರೆ ಗಾಡಿ ಎಳೆಯುವುದೇ ಇಲ್ಲ ಎನ್ನುತ್ತಾರೆ. ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗಿಬರುತ್ತೇನೆ. ಯಾರ ಮಾತು ಸರಿ?

ಉತ್ತರ

ನಮಸ್ಕಾರ. ಇಬ್ಬರ ಮಾತೂ ಅರ್ಧ ಸರಿ. ಅಂಗಡಿಯವರು ಗಾಡಿ ನಿಂತಿರುವಾಗಿನ ಮಾತು ಹೇಳಿದ್ದಾರೆ. ನಿಮ್ಮ ಗೆಳೆಯರು ಅದಕ್ಕಿಂತ ಬಹಳ ದೊಡ್ಡ ಟೈರಿನ ಮಾತು ಹೇಳಿದ್ದಾರೆ.

ಮೊದಲು ಲೆಕ್ಕ ನೋಡೋಣ. ಟೈರಿನ ಅಳತೆಯಲ್ಲಿ ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಲೆಕ್ಕದಲ್ಲಿ ಪಕ್ಕದ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 195/80 ಆರ್15 ಟೈರಿನ ವ್ಯಾಸ ಹೊಸದಿರುವಾಗ ಸುಮಾರು 693 ಮಿಲಿಮೀಟರ್. 235/75 ಆರ್15 ಟೈರಿನದು ಸುಮಾರು 733 ಮಿಲಿಮೀಟರ್, ಅಂದರೆ ಶೇ. 5.8ರಷ್ಟು ಹೆಚ್ಚು. ಎಂಜಿನ್, ಗೇರ್‌ಬಾಕ್ಸ್, ಕ್ರೌನ್ ಪಿನಿಯನ್ ಯಾವುದೂ ಬದಲಾಗದೆ ಚಕ್ರ ಮಾತ್ರ ದೊಡ್ಡದಾದಾಗ, ನೆಲವನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ, ಅಂದರೆ ಶೇ. 5.5ರಷ್ಟು, ಪ್ರತಿಯೊಂದು ಗೇರಿನಲ್ಲಿಯೂ ಕಡಿಮೆಯಾಗುತ್ತದೆ. ಆದರೆ ನೀವು ಇಂದು ಓಡಿಸುತ್ತಿರುವುದು ಸವೆದ ಟೈರಿನ ಮೇಲೆ ಎಂಬುದನ್ನು ಮರೆಯಬೇಡಿ. ಹೊಸದರಲ್ಲಿ 8 ಮಿಲಿಮೀಟರ್ ಇದ್ದ ಟೈರಿನ ಮೈಮೇಲಿನ ಗುಂಡಿಗಳ ಆಳ 2ಕ್ಕೆ ಇಳಿದಿದ್ದರೆ ವ್ಯಾಸದಲ್ಲಿ 12 ಮಿಲಿಮೀಟರ್ ಈಗಾಗಲೇ ಹೋಗಿದೆ. ಆದ್ದರಿಂದ ಅಂಗಡಿಯಿಂದ ಹೊರಬಿದ್ದ ದಿನ ನಿಮ್ಮ ಕಾಲಿಗೆ ತಿಳಿಯುವ ವ್ಯತ್ಯಾಸ ಶೇ. 5.8 ಅಲ್ಲ, ಶೇ. 7.7ರ ಆಸುಪಾಸು. ಟೈರು ಬದಲಿಸಿ ಬಂದವರು 'ಗಾಡಿ ಒಮ್ಮೆಲೇ ಭಾರವಾಯಿತು' ಎನ್ನುವುದರಲ್ಲಿ ಈ ಪಾಲೂ ಸೇರಿರುತ್ತದೆ. ಕಂಪನಿಯ ಅಳತೆಯದೇ ಹೊಸ ಟೈರು ಹಾಕಿಸಿದ್ದರೂ ಅದರ ಸ್ವಲ್ಪ ಭಾಗ ಅನುಭವಕ್ಕೆ ಬರುತ್ತಿತ್ತು.

ಈ ನಷ್ಟ ತೋಟದ ಚಡಾವಿನಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ. ಅಲ್ಲಿ ನೀವು ಫೋರ್ ಲೋ, ಅಂದರೆ ನಾಲ್ಕೂ ಚಕ್ರಗಳು ನಿಧಾನವಾಗಿ ಎಳೆಯುವ ಗೇರು, ಹಾಕುತ್ತೀರಿ. ಜಿಮ್ನಿಯಲ್ಲಿ ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಆಗ ವೇಗವನ್ನು ಅರ್ಧಕ್ಕೆ ಇಳಿಸಿ ಬಲವನ್ನು ಸರಿಸುಮಾರು ಎರಡು ಪಟ್ಟು ಮಾಡುತ್ತದೆ. ಎರಡು ಪಟ್ಟು ಬಲವಿರುವಲ್ಲಿ ಶೇ. 5 ಹೋದರೆ ಏನೂ ಕೆಡುವುದಿಲ್ಲ. ಗೊತ್ತಾಗುವುದು ಡಾಮರು ರಸ್ತೆಯ ಘಾಟಿಯಲ್ಲಿ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ ತನ್ನ 134 ನ್ಯೂಟನ್ ಮೀಟರ್ ಟಾರ್ಕನ್ನು (ತಿರುಗಿಸುವ ಬಲವನ್ನು) ಪೂರ್ತಿ ಕೊಡುವುದು 4000 ಆರ್‌ಪಿಎಂನಲ್ಲಿ; ಗಾಡಿಯ ತೂಕ ಸುಮಾರು 1200 ಕಿಲೋ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಏರುವಾಗ ಈಗಲೇ ಎಂಜಿನ್ ಹೆಚ್ಚು ಮಿಗಿಸಿಟ್ಟುಕೊಂಡಿರುವುದಿಲ್ಲ. ದೊಡ್ಡ ಟೈರು ಹಾಕಿದರೆ ಎರಡನೇ ಗೇರು ತುಸು ಉದ್ದವಾಗಿ ತಿರುವಿನಲ್ಲಿ ಮುಗ್ಗರಿಸುತ್ತದೆ, ಮೊದಲ ಗೇರಿಗೆ ಇಳಿಸಿದರೆ ಎಂಜಿನ್ ಕಿರುಚುತ್ತದೆ. ಅಲ್ಲಿ ಫೋರ್ ಲೋ ಹಾಕಲೂ ಆಗದು. ಈ ಗಾಡಿಗೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲದಿರುವುದರಿಂದ, ಒಣ ಡಾಮರಿನ ಮೇಲೆ ತಿರುವು ತೆಗೆದುಕೊಂಡರೆ ಶಾಫ್ಟುಗಳು ಬಿಗಿದುಕೊಳ್ಳುತ್ತವೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನನ್ನ ಜಿಪ್ಸಿಗೆ ಲೆಕ್ಕ ನೋಡದೆ, ನೋಟ ಮಾತ್ರ ನೋಡಿ ದೊಡ್ಡ ಟೈರು ಹಾಕಿದ್ದೆ. ಕೆಸರಿನಲ್ಲಿ ಬಹಳ ಚೆನ್ನಾಗಿತ್ತು. ಆಗುಂಬೆಯ ಒಂದು ತಿರುವಿನಲ್ಲಿ ಮೇಲಿನಿಂದ ಬಸ್ಸು ಇಳಿಯುತ್ತಿದ್ದಾಗ ನಿಲ್ಲಿಸಬೇಕಾಯಿತು. ಮತ್ತೆ ಹೊರಡಲು ಮೂರು ಸಲ ಹಾಫ್ ಕ್ಲಚ್ಚಿನಲ್ಲಿ ಎಳೆದೆ. ಮೂರನೆಯ ಸಲ ಗಾಡಿ ಹೊರಟಿತು, ಜೊತೆಗೆ ಸುಟ್ಟ ವಾಸನೆಯೂ ಬಂತು. ಆ ಮಳೆಗಾಲ ಮುಗಿಯುವುದರೊಳಗೆ ಗೇರ್‌ಬಾಕ್ಸ್ ಇಳಿಸಿ ನೋಡಿದಾಗ ಕ್ಲಚ್ ಪ್ಲೇಟಿನ ಮೈ ಗಾಜಿನಂತೆ ಹೊಳೆಯುತ್ತಿತ್ತು, ಫ್ಲೈವೀಲಿನ ಮೇಲೆ ನೀಲಿ ಕಲೆಗಳಾಗಿದ್ದವು. ಗಿರಾಕಿಯ ಗಾಡಿಯಾಗಿದ್ದರೆ ನಾನೇ ಅವರನ್ನು ಬೈಯುತ್ತಿದ್ದೆ.

ಇಳಿಯುವಾಗಿನ ಮಾತು ಇದಕ್ಕಿಂತ ಮುಖ್ಯ, ಆದರೆ ಅದನ್ನು ಯಾರೂ ಕೇಳುವುದಿಲ್ಲ. ಗೇರಿನಲ್ಲಿ ಎಂಜಿನ್ ಗಾಡಿಯನ್ನು ತಡೆಯುವ ಬಲವೂ ಶೇ. 5.5ರಷ್ಟು ಕಡಿಮೆಯಾಗುತ್ತದೆ, ಬ್ರೇಕಿಗೆ ಅಷ್ಟೇ ನಿಲುಗಡೆ ಬೇಕಾದರೆ ಶೇ. 5.8ರಷ್ಟು ಹೆಚ್ಚು ಒತ್ತಬೇಕು. ಆಲ್ ಟೆರೇನ್ ಟೈರು ಸಾಮಾನ್ಯವಾಗಿ ತೂಕದಲ್ಲಿಯೂ ಹೆಚ್ಚು, ಮತ್ತು ಆ ತೂಕ ಚಕ್ರದ ಅಂಚಿನಲ್ಲಿರುವುದರಿಂದ ಅದನ್ನು ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ ಶ್ರಮ ಜಾಸ್ತಿ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಬಳಕೆಗೆ 215/75 ಆರ್15 ಸಾಕು. ಅದರ ವ್ಯಾಸ ಸುಮಾರು 703 ಮಿಲಿಮೀಟರ್, ಕಂಪನಿಯ ಅಳತೆಗಿಂತ ಶೇ. 1.5 ಮಾತ್ರ ಹೆಚ್ಚು. ಶೇ. 3ರ ಒಳಗಿದ್ದರೆ ಗೇರಿನ ಚಿಂತೆ ಬೇಡ ಎಂಬುದು ನಮ್ಮ ಕೆಲಸದಲ್ಲಿ ಎಲ್ಲರೂ ಪಾಲಿಸುವ ಅಂದಾಜು. 235ರಿಂದ ನಿಮಗೆ ಸಿಗುವ ಎತ್ತರವಾದರೂ ಎಷ್ಟು? ವ್ಯಾಸದ ಹೆಚ್ಚಳದ ಅರ್ಧ, ಅಂದರೆ 2 ಸೆಂಟಿಮೀಟರ್. ಜಿಮ್ನಿಗೆ ಮುಂದೆಯೂ ಹಿಂದೆಯೂ ಎಡಬಲ ಚಕ್ರಗಳನ್ನು ಕೂಡಿಸುವ ಇಡೀ ಆಕ್ಸಲ್ ಇರುವುದರಿಂದ, ಅದರಲ್ಲಿ ಉಬ್ಬಿ ನಿಂತಿರುವ ಡಿಫರೆನ್ಷಿಯಲ್ ಹೌಸಿಂಗನ್ನು ಎತ್ತರಿಸಲು ಟೈರೊಂದೇ ದಾರಿ ಎಂಬುದು ನಿಜ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆ, ಹೌಸಿಂಗ್ ಇದ್ದಲ್ಲಿಯೇ ಇರುತ್ತದೆ. ಆದರೂ ಒಂದು ಕಲ್ಲಿಗಾಗಿ ಐದು ಟೈರು ದೊಡ್ಡದು ಮಾಡುವ ಬದಲು, ಪಿಕ್ಕಾಸು ಹಿಡಿಯಬಲ್ಲ ಒಬ್ಬರನ್ನು ಅರ್ಧ ದಿನ ಕರೆಸಿ ಆ ಕಲ್ಲನ್ನೇ ತೆಗೆಸಿಬಿಡಿ. ಅದು ಆಗದಿದ್ದರೆ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಡದೆ ಒಂದು ಚಕ್ರವನ್ನು ಅದರ ಮೇಲೆಯೇ ಹತ್ತಿಸಿ ದಾಟಿ.

ಜಾರುವುದಕ್ಕೆ ಮದ್ದು ಬೇರೆ. ಚಡಾವಿನ ಬುಡದಲ್ಲಿ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ ಹತ್ತಿ ನೋಡಿ. ಟೈರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಡಾಮರಿಗೆ ಬಂದೊಡನೆ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಗಾಳಿಯನ್ನು ಮತ್ತೆ ತುಂಬಿಸುವುದು ಕಡ್ಡಾಯ, ಇಲ್ಲವಾದರೆ ವೇಗದಲ್ಲಿ ಟೈರು ಬಿಸಿಯಾಗಿ ಒಡೆಯಬಹುದು. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಒಂದನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ – ಸುರತ್ಕಲ್‌ನ ಸದಸ್ಯರಿಂದ

ಸರ್, ನನ್ನದು ಮಹೀಂದ್ರಾ ಥಾರ್ ಡೀಸೆಲ್ ಆಟೋಮ್ಯಾಟಿಕ್, ಟೈರು 255/65 ಆರ್18. ಇದಕ್ಕೆ 285/65 ಆರ್18 ಹಾಕಬಹುದೇ? ಹೆದ್ದಾರಿ 66ರಲ್ಲಿ ದಿನವೂ ಉಡುಪಿಗೆ ಓಡಾಟವಿದೆ. ಮೈಲೇಜ್ ಕಡಿಮೆಯಾಗುತ್ತದೆ ಎನ್ನುತ್ತಾರೆ.

ಉತ್ತರ

ನಿಮ್ಮದು ಶೇ. 4.9ರ ಹೆಚ್ಚಳ. ಆದರೆ ಥಾರ್ ಡೀಸೆಲ್ 1600 ಆರ್‌ಪಿಎಂನಲ್ಲಿಯೇ 300 ನ್ಯೂಟನ್ ಮೀಟರ್ ಕೊಡುವುದರಿಂದ ಎಳೆತದ ಕೊರತೆ ನಿಮ್ಮನ್ನು ಅಷ್ಟಾಗಿ ಕಾಡದು. ಆಟೋಮ್ಯಾಟಿಕ್ ಆದ್ದರಿಂದ ಕ್ಲಚ್ ಸುಡುವ ಭಯವಿಲ್ಲ. ಅದರ ಬದಲು, ಕ್ಲಚ್ಚಿನ ಜಾಗದಲ್ಲಿ ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಹೆಚ್ಚು ಜಾರಿ ಗೇರ್ ಆಯಿಲ್ ಬಿಸಿಯಾಗುತ್ತದೆ. ಘಾಟಿಯಲ್ಲಿ ಗೇರುಗಳು ಮೇಲೆ ಕೆಳಗೆ ಹುಡುಕಾಡತೊಡಗಿದರೆ ಮ್ಯಾನುವಲ್ ಮೋಡಿಗೆ ಹಾಕಿ ಒಂದೇ ಗೇರಿನಲ್ಲಿ ಹಿಡಿದಿಡಿ, ಆಯಿಲನ್ನು ಅವಧಿಗೆ ಮುಂಚೆಯೇ ಬದಲಿಸಿ.

ಮೈಲೇಜ್ ಕುರಿತು ಜನ ಹೇಳುವುದರಲ್ಲಿ ಅರ್ಧ ಮೀಟರಿನ ಮೋಸ. ಮೀಟರು ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ನೆಲವನ್ನು ಅಳೆಯುವುದಿಲ್ಲ. ಹಳೆಯ ಲೆಕ್ಕದಲ್ಲಿಯೇ ಅದು 400 ಕಿಲೋಮೀಟರ್ ಎಂದು ತೋರಿಸುವಾಗ ನೀವು ಕ್ರಮಿಸಿರುವುದು ಸುಮಾರು 420. ಅದನ್ನು ಸೇರಿಸಿಕೊಳ್ಳದೆ ಭಾಗಿಸಿದವರಿಗೆ ಮೈಲೇಜ್ ಕುಸಿದಂತೆ ಕಾಣುತ್ತದೆ. ಟೈರಿನ ಅಗಲ ಮತ್ತು ತೂಕದಿಂದ ನಿಜವಾಗಿಯೂ ಸ್ವಲ್ಪ ಇಳಿಯುತ್ತದೆ, ಅದು ಬೇರೆ. ವೇಗದ ಮುಳ್ಳಿಗೂ ಇದೇ ಮಾತು. ಕಂಪನಿಯವರು ಅದನ್ನು ಇರುವುದಕ್ಕಿಂತ ತುಸು ಹೆಚ್ಚು ತೋರಿಸುವಂತೆಯೇ ಇಟ್ಟಿರುತ್ತಾರೆ. ದೊಡ್ಡ ಟೈರು ಆ ರಕ್ಷಣೆಯನ್ನು ತಿಂದುಹಾಕುತ್ತದೆ. ಹೆದ್ದಾರಿಯ ನೇರ ಭಾಗದಲ್ಲಿ 80ರಲ್ಲಿ ಸ್ಥಿರವಾಗಿ ಓಡಿಸುತ್ತಾ, ಪಕ್ಕದಲ್ಲಿ ಕುಳಿತವರಿಂದ ಮೊಬೈಲಿನ ಜಿಪಿಎಸ್ ವೇಗ ಓದಿಸಿದರೆ ಎಷ್ಟು ವ್ಯತ್ಯಾಸವಿದೆ ಎಂದು ತಿಳಿಯುತ್ತದೆ.

ನಿಮಗೆ ನಾನು ಬೇಡವೆನ್ನುವುದು ಎಳೆತಕ್ಕಾಗಿ ಅಲ್ಲ, ಅಗಲಕ್ಕಾಗಿ ಮತ್ತು ಕಾನೂನಿಗಾಗಿ. 285 ಅಗಲದ ಟೈರು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಎಲ್ಲಿಯೋ ಉಜ್ಜುತ್ತದೆ ಎಂದು ಕೆಲವರು ಹೊರಕ್ಕೆ ಚಾಚಿದ ರಿಮ್ ಹಾಕುತ್ತಾರೆ. ಆಗ ಟೈರು ಮಡ್‌ಗಾರ್ಡಿನಿಂದ ಹೊರಗೆ ಬಂದು, ಮಳೆಗಾಲದಲ್ಲಿ ಹಿಂದಿನ ಸ್ಕೂಟರಿನವರ ಮುಖಕ್ಕೆ ಕೆಸರು ಎರಚುತ್ತದೆ, ಬೇರಿಂಗಿನ ಮೇಲೂ ಹೊರೆ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದಿದೆ. ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಬರಹದಲ್ಲಿ ಕೇಳಿ. ಅಪಘಾತವಾದ ಮೇಲೆ ಕೇಳುವ ಪ್ರಶ್ನೆ ಇದಲ್ಲ.

ಪ್ರಶ್ನೆ – ಕಾರ್ಕಳದ ಸದಸ್ಯೆಯಿಂದ

ನಮಸ್ಕಾರ ಸರ್. ನಾವು ಜಿಮ್ನಿಗೆ 235ರ ನಾಲ್ಕು ಟೈರು ಹಾಕಿಸಿಯಾಗಿದೆ. ಸ್ಟೆಪ್ನಿ ಹಳೆಯ 195 ಅಳತೆಯದೇ ಇದೆ. ಐದನೆಯದನ್ನು ಕೊಳ್ಳಲೇಬೇಕೇ?

ಉತ್ತರ

ಕೊಳ್ಳುವುದೇ ಒಳ್ಳೆಯದು ಮೇಡಂ. ಅಲ್ಲಿಯವರೆಗೆ ಎರಡು ವಿಷಯ ನೆನಪಿಡಿ. ಹಳೆಯ ಸ್ಟೆಪ್ನಿ ಹಾಕಿಕೊಂಡು ಫೋರ್ ಹೈ (ನಾಲ್ಕೂ ಚಕ್ರಗಳ ಎಳೆತ, ಮಾಮೂಲು ವೇಗ) ಅಥವಾ ಫೋರ್ ಲೋ ಹಾಕಲೇಬಾರದು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಹೆಣಗಾಡಿ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು ಬೀಳುತ್ತದೆ. ಎರಡೇ ಚಕ್ರಗಳು ಎಳೆಯುವ ಟೂ ಹೈನಲ್ಲಿ ಜಿಮ್ನಿ ಹಿಂದಿನ ಚಕ್ರಗಳಿಂದ ಓಡುತ್ತದೆ, ಆದ್ದರಿಂದ ಸಣ್ಣ ಟೈರು ಹಿಂದೆ ಇದ್ದರೆ ಡಿಫರೆನ್ಷಿಯಲ್ಲಿನ ಒಳಗಿನ ಹಲ್ಲುಚಕ್ರಗಳು ನೇರ ರಸ್ತೆಯಲ್ಲಿಯೂ ಒಂದೇ ಸಮನೆ ಸುತ್ತುತ್ತಿರಬೇಕಾಗುತ್ತದೆ. ಹಿಂದಿನ ಚಕ್ರ ಪಂಕ್ಚರ್ ಆದರೆ ಮುಂದಿನ ಒಂದು ಚಕ್ರವನ್ನು ಬಿಚ್ಚಿ ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದಕ್ಕೆ ಹಾಕಿ, ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಹೋಗಿ. ಮಳೆಯಲ್ಲಿ ನಿಂತು ಎರಡು ಸಲ ಜ್ಯಾಕ್ ಹಾಕುವ ಕೆಲಸವಿದು. ಒಮ್ಮೆ ಮಾಡಿದರೆ ಐದನೆಯ ಟೈರಿನ ಬೆಲೆ ದುಬಾರಿಯೆನಿಸದು.

ಪ್ರಶ್ನೆ – ಹೆಬ್ರಿಯ ಸದಸ್ಯರಿಂದ ಮತ್ತೊಮ್ಮೆ

ಧನ್ಯವಾದ ಸರ್. ಕಲ್ಲು ತೆಗೆಸಲು ಹೇಳಿದ್ದೇನೆ. 215 ಟೈರನ್ನೇ ಹಾಕಿಸುತ್ತೇನೆ. ಉಜ್ಜುತ್ತದೆಯೇ ಎಂದು ತಿಳಿಯುವುದು ಹೇಗೆ? ಮುಂದೆ ಎಂದಾದರೂ ಕ್ರೌನ್ ಪಿನಿಯನ್ ಬದಲಿಸಬೇಕಾಗಿ ಬಂದರೆ?

ಉತ್ತರ

ಕಂಪನಿಯ ರಿಮ್ಮಿನಲ್ಲಿ 215 ಉಜ್ಜುವ ಸಂಭವ ಕಡಿಮೆ. ಆದರೂ ಹಾಕಿಸಿದ ದಿನ ಮುಂದಿನ ಟೈರುಗಳ ಒಳ ಅಂಚಿಗೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಅಂಗಳದಲ್ಲಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನಿಧಾನವಾಗಿ ಒಂದೊಂದು ಸುತ್ತು ಬಂದು, ಬಳಿಕ ಒಂದು ಚಕ್ರವನ್ನು ಗಟ್ಟಿಯಾದ ದಿಣ್ಣೆಯ ಮೇಲೆ ಹತ್ತಿಸಿ ಅದೇ ರೀತಿ ತಿರುಗಿಸಿ. ಸುಣ್ಣ ಅಳಿಸಿದ್ದರೆ ಆಕ್ಸಲಿನಿಂದ ಹಿಂದಕ್ಕೆ ಹೋಗುವ ಕಬ್ಬಿಣದ ತೋಳಿನ ಮೇಲೆ ಅಥವಾ ಬಂಪರಿನ ಒಳಗೆ ಬಿಳಿ ಗೆರೆ ಸಿಗುತ್ತದೆ.

ಕ್ರೌನ್ ಪಿನಿಯನ್ ವಿಚಾರ ಬರುವುದು ವ್ಯಾಸ ಶೇ. 8–10ರಷ್ಟು ಹೆಚ್ಚಿಸಿದವರಿಗೆ. ಅವರು ಮುಂದಿನ ಮತ್ತು ಹಿಂದಿನ ಎರಡೂ ಹೌಸಿಂಗುಗಳಲ್ಲಿ ಒಂದೇ ಅನುಪಾತದ ಜೋಡಿ ಹಾಕಿಸಬೇಕು. ಹಲ್ಲುಗಳ ನಡುವಿನ ಸಂದನ್ನು ಡಯಲ್ ಗೇಜ್ ಇಟ್ಟು ಅಳೆಯದೆ ಕೈ ಅಂದಾಜಿನಲ್ಲಿ ಬಿಗಿದರೆ, ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಊಳಿಡುವ ಸದ್ದು ಶುರುವಾಗುತ್ತದೆ. ನಿಮಗೆ ಅದು ಬೇಕಾಗಿಲ್ಲ.

ಟೈರು ಹಾಕಿಸಿ 100 ಕಿಲೋಮೀಟರ್ ಓಡಿಸಿದ ಮೇಲೆ ವೀಲ್ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ನೋಡಿಸಿ. ಪಾದವಿಟ್ಟು ತುಳಿದು ಬಿಗಿಯುವವರ ಕೈಗೆ ಕೊಡಬೇಡಿ.